ಗೂಡ್ಸ್ ಗಾಡಿ ಎಣಿಸಿದವರು

ಶಹಾಪುರ
19 ಮೇ 2025

ಪ್ರೀತಿಯ ಮುಷರಫ,

ನಿನ್ನನ್ನು ಬಿಟ್ಟು ಕಳಿಸಿದರೆಂಬ ಸುದ್ದಿ ಮೊನ್ನೆ ತಿಳಿಯಿತು. ನಾಲ್ಕು ದಿನ ವಿಚಾರಣೆ ಮಾಡಿ, ಯಾವ ಮೊಕದ್ದಮೆಯನ್ನೂ ಹೂಡದೆ, ಮನೆಗೆ ಹೋಗೆಂದರಂತೆ. ಸುರಪುರದಲ್ಲಿ ತಾಯಿಯ ಬಳಿ ಇದ್ದೀಯೆಂದು ಕೇಳಿ ಸಮಾಧಾನವಾಯಿತು. ಇಲ್ಲಿಂದ ಸುರಪುರಕ್ಕೆ ಬಸ್ಸಿನಲ್ಲಿ ಒಂದು ತಾಸೂ ಹಿಡಿಯುವುದಿಲ್ಲ. ಆದರೂ ಬರುವ ಬದಲು ಬರೆಯುತ್ತಿದ್ದೇನೆ. ನಿನ್ನ ಫೋನು ಇನ್ನೂ ಪೊಲೀಸರ ವಶದಲ್ಲಿದೆಯಂತೆ. ಅದು ನಿನ್ನ ಕೈಯಲ್ಲಿದ್ದಿದ್ದರೂ ಈಗ ಫೋನಿನಲ್ಲಿ ಮಾತಾಡುವ ಧೈರ್ಯ ನನಗೆ ಬರುತ್ತಿತ್ತೋ ಇಲ್ಲವೋ.

ನಡೆದದ್ದನ್ನು ನಾನು ಟಿವಿಯಲ್ಲಿ ಕಂಡಷ್ಟೇ ಬಲ್ಲೆ. ಉತ್ತರದಲ್ಲಿ ಪ್ರವಾಸಿಗರ ಮೇಲೆ ಆ ದಾಳಿ ನಡೆದು ಇನ್ನೂ ಇಪ್ಪತ್ತು ದಿನವಾಗಿರಲಿಲ್ಲ. ವಾರಸುದಾರರಿಲ್ಲದ ಚೀಲವೊಂದು ಕಂಡರೂ ಜನ ದೂರ ಸರಿಯುತ್ತಿದ್ದ ದಿನಗಳವು. ಯಾದಗಿರಿ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲ ಮೇಲೆ ಕೂತು ವಹಿಯಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದ ನಿನ್ನನ್ನು ಯಾರೋ ಪ್ರಯಾಣಿಕರು ವಿಡಿಯೊ ಮಾಡಿ ಹರಿಬಿಟ್ಟರು. ಸಂಜೆಯೊಳಗೆ ನಿನ್ನ ಬಾಡಿಗೆ ಕೋಣೆಗೆ ಪೊಲೀಸರು ಬಂದರು. ವಹಿಯ ಪುಟಗಳನ್ನು ಟಿವಿಯಲ್ಲಿ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದರು: ಗೂಡ್ಸ್ ಗಾಡಿ ಬಂದ ಸಮಯ, ಡಬ್ಬಿಗಳ ಸಂಖ್ಯೆ, ಮೇಲ್ಸೇತುವೆಯನ್ನು ದಾಟಲು ಹಿಡಿದ ಸೆಕೆಂಡುಗಳು. ಕೆಳಗೆ ಕೆಂಪು ಪಟ್ಟಿಯಲ್ಲಿ, 'ನಮ್ಮ ರೈಲುಗಳ ಮೇಲೆ ಯಾರ ಕಣ್ಣು?'

ಆ ಕೋಷ್ಟಕವನ್ನು ನಾನು ನೋಡಿದ ಕೂಡಲೇ ಗುರುತಿಸಿದೆ. ಒಂಬತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ ಪಾಠಕ್ಕೆಂದು ಪ್ರತಿ ಶನಿವಾರ ಯಾದಗಿರಿಯ ನಮ್ಮ ಶಾಲೆ ಬಿಟ್ಟ ಮೇಲೆ ನಿಮ್ಮನ್ನೆಲ್ಲ ಅದೇ ಮೆಟ್ಟಿಲುಗಳ ಮೇಲೆ ಕೂರಿಸಿ ಗೂಡ್ಸ್ ಗಾಡಿಗಳನ್ನು ಎಣಿಸಲು ಹಚ್ಚುತ್ತಿದ್ದವನು ನಾನೇ ಅಲ್ಲವೆ? ಸರಾಸರಿ, ಮಧ್ಯಾಂಕ, ಬಹುಲಕ ಎಲ್ಲವನ್ನೂ ಸಿಮೆಂಟು ಹೊತ್ತ ಗಾಡಿಗಳ ಡಬ್ಬಿಗಳಿಂದಲೇ ತೆಗೆದೆವು. ನೀನು ಅದನ್ನು ನಿನ್ನ ಟ್ಯೂಷನ್ ಮಕ್ಕಳಿಗೂ ಕಲಿಸುತ್ತಿದ್ದೀಯೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಎಷ್ಟು ಸಂತೋಷಪಡುತ್ತಿದ್ದೆ.

ಭಾರತಿ ಕ್ಯಾಮೆರಾದವರೊಂದಿಗೆ ನನ್ನ ಮನೆಗೂ ಬಂದಿದ್ದಳು. ನಿನ್ನ ತರಗತಿಯ ಹುಡುಗಿ, ಈಗ ಯಾದಗಿರಿಯಲ್ಲಿ ಚಾನೆಲ್ಲೊಂದರ ವರದಿಗಾರ್ತಿ. ಅಂಗಳದ ತುಂಬ ಓಣಿಯ ಜನ ನಿಂತಿದ್ದರು. ಆ ಗದ್ದಲದಲ್ಲಿ ನಾನು ಒಂದೆರಡು ಮಾತು ಹೇಳಿದೆ. ನೀನು ಅದನ್ನು ನೋಡಿರಲಾರೆ.

ಮನಸ್ಸನ್ನು ಕಹಿ ಮಾಡಿಕೊಳ್ಳಬೇಡ. ನಿನಗಿನ್ನೂ ಇಪ್ಪತ್ತೆಂಟು ವರ್ಷ. ದೇಶ ದೊಡ್ಡದು, ಕಾಲವೂ ದೊಡ್ಡದು.

ನಿನ್ನ ಹಿತವನ್ನು ಬಯಸುವ,
ಹಣಮಂತ್ರಾಯ


ಸುರಪುರ
2 ಜೂನ್ 2025

ಗುರುಗಳಿಗೆ ಮುಷರಫನ ಸಲಾಮುಗಳು.

ನಿಮ್ಮ ಲಕೋಟೆಯನ್ನು ಅಂಚೆಯವರು ಅಮ್ಮಿಯ ಕೈಗೆ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. "ಮತ್ತ ಕರದಾರೇನೋ, ನೋಡಪ್ಪ" ಎಂದಳು. ನಿಮ್ಮ ಅಕ್ಷರವೆಂದು ಹೇಳಿದ ಮೇಲೆಯೇ ಕೂತದ್ದು.

ಸರ್, ನೀವು ಹೇಳಿದ್ದನ್ನು ನಾನು ನೋಡಿದೆ. ಬಿಟ್ಟ ದಿನವೇ, ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ. ಅದನ್ನು ಮತ್ತೆ ಮತ್ತೆ ಹಾಕುತ್ತಿದ್ದರು. 'ಸಾವಿರಾರು ಮಕ್ಕಳಿಗೆ ಕಲಿಸಿದ್ದೇನೆ. ಈ ಹುಡುಗ ನೆನಪಿಗೆ ಬರುತ್ತಿಲ್ಲ. ಆ ವಹಿಯ ಬಗ್ಗೆ ನನಗೇನೂ ಗೊತ್ತಿಲ್ಲ' ಎಂದಿರಿ. ಹೇಳುವಾಗ ಕನ್ನಡಕವನ್ನು ಎರಡು ಸಲ ಒರೆಸಿದಿರಿ. ಪಕ್ಕದ ಮೇಜಿನವರು, "ಮಾಸ್ತರನೂ ಕೈ ತೊಳ್ಕೊಂಡಾನ ನೋಡು, ಅಂದ್ರ ಏನೋ ಅದ" ಎಂದು ಮಾತಾಡಿಕೊಂಡರು. ನಾನು ಚಹಾ ಕುಡಿಯದೆ ಎದ್ದುಬಂದೆ. ಇದನ್ನು ದೂರಾಗಿ ಬರೆಯುತ್ತಿಲ್ಲ. ನಾನು ನೋಡಿರಲಾರೆನೆಂದು ಬರೆದಿದ್ದಿರಿ, ಅದಕ್ಕಾಗಿ ತಿಳಿಸಿದೆ.

ಠಾಣೆಯಲ್ಲಿ ಯಾರೂ ನನ್ನ ಮೈಮುಟ್ಟಲಿಲ್ಲ. ಒಂದೇ ಪ್ರಶ್ನೆಯನ್ನು ಸುತ್ತಿ ಸುತ್ತಿ ಕೇಳಿದರು: ಗಾಡಿಗಳ ಸಮಯ ಯಾರಿಗಾಗಿ? ಮಕ್ಕಳ ಗಣಿತಕ್ಕಾಗಿ ಎಂದೆ. ಮಕ್ಕಳ ತಂದೆತಾಯಿಗಳನ್ನು ಕರೆದು ಕೇಳಿದರು. ಅವರೆಲ್ಲ ಅದೇನೆಂದು ತಮಗೆ ಗೊತ್ತಿಲ್ಲವೆಂದರಂತೆ. ಆರು ಮಕ್ಕಳಿದ್ದರು, ಈಗ ಒಬ್ಬರೂ ಇಲ್ಲ. ಕೋಣೆಯ ಮಾಲೀಕರು ನನ್ನ ಸಾಮಾನನ್ನು ಜೋಪಾನವಾಗಿ ಕಟ್ಟಿ ಹೊರಗೆ ಇಟ್ಟಿದ್ದರು. ಕಡೇಚೂರಿನ ಕಾರ್ಖಾನೆಯಲ್ಲಿ ಲಾರಿಗಳ ತೂಕ ಬರೆಯುವ ನನ್ನ ಕೆಲಸವನ್ನು ಇನ್ನೂ ತೆಗೆದಿಲ್ಲ. ಆದರೆ ಪೊಲೀಸರಿಂದ ನಡತೆಯ ಪ್ರಮಾಣಪತ್ರ ತರದೆ ಗೇಟಿನೊಳಗೆ ಬಿಡುವುದಿಲ್ಲ ಎಂದಿದ್ದಾರೆ.

ಅದಕ್ಕಾಗಿಯೇ ಒಂದು ಬೇಡಿಕೆ. ಇಂಥ ಲೆಕ್ಕವನ್ನು ಶಾಲೆಯಲ್ಲಿ ನಿಜವಾಗಿಯೂ ಮಾಡಿಸುತ್ತಿದ್ದರೆಂದು, ಕಲಿಸಿದವರೇ ಠಾಣೆಗೆ ಬಂದು ಬರೆದುಕೊಟ್ಟರೆ ಕಡತವನ್ನು ಮುಚ್ಚಿ ಪ್ರಮಾಣಪತ್ರ ಕೊಡುತ್ತೇವೆಂದು ಇನ್‌ಸ್ಪೆಕ್ಟರ್ ಹೇಳಿದ್ದಾರೆ. ಒಂದು ಪುಟ ಸಾಕು. ನಿಮಗೆ ಸಾಧ್ಯವಾದಾಗ.

ನಿಮ್ಮ ವಿದ್ಯಾರ್ಥಿ,
ಮುಷರಫ


ಶಹಾಪುರ
24 ಜೂನ್ 2025

ಪ್ರೀತಿಯ ಮುಷರಫ,

ಉತ್ತರ ತಡವಾಯಿತು. ಮಳೆ ಹಿಡಿಯಿತು, ನನ್ನ ಮೊಣಕಾಲು ಹಿಡಿಯಿತು, ಹೀಗೆ ಕಾರಣಗಳನ್ನು ಬರೆಯಬಹುದು. ಬರೆಯುವುದಿಲ್ಲ.

ನಿನ್ನ ಪತ್ರವನ್ನು ಓದಿ ಒಂದು ಹಾಳೆಯಲ್ಲಿ ನೀನು ಕೇಳಿದ ಹೇಳಿಕೆಯನ್ನು ಬರೆದೇಬಿಟ್ಟೆ. ಸಹಿ ಹಾಕುವ ಮುಂಚೆ ನಮ್ಮ ಓಣಿಯ ಹಣಮೇಶನಿಗೆ ತೋರಿಸಿದ್ದು ತಪ್ಪಾಯಿತು. ಅವನು ಈ ಸಲ ನಗರಸಭೆಗೆ ನಿಲ್ಲಬೇಕೆಂದು ಓಡಾಡುತ್ತಿರುವವನು, ಕಾನೂನು ಬಲ್ಲವನೆಂದು ಭಾವಿಸಿ ಕೇಳಿದೆ. ಅವನು ಹಾಳೆಯನ್ನು ಮಡಿಚಿ ನನ್ನ ಜೇಬಿಗೇ ಇಟ್ಟ. "ಸರ್, ಸೈ ಮಾಡಿದ್ ಕಾಗದ ಎಲ್ಲಿಗೆ ಹೋಗ್ತದ ನಿಮಗೇನ್ ಗೊತ್ತದ? ಇವತ್ತ ಯಾದಗಿರಿ ಠಾಣೆ, ನಾಳಿ ದಿಲ್ಲಿಯವರು. ಅವರು ಬಂದು 'ಸಂಚು ಕಲಿಸಿದ ಮಾಸ್ತರ ಯಾರು' ಅಂದ್ರ ನಿಮ್ಮ ಹೆಸರ ಮ್ಯಾಲಿರ್ತದ. ಪಿಂಚಣಿ ತಗೊಂಡು ಸುಮ್ಮ ಕುಂಡ್ರೂದು ಬಿಟ್ಟು..." ಎಂದ. ನಾನು ನಕ್ಕೆ. ಆದರೆ ಹಾಳೆಯನ್ನು ಜೇಬಿನಿಂದ ತೆಗೆಯಲಿಲ್ಲ.

ಕಾವು ಸ್ವಲ್ಪ ತಣ್ಣಗಾಗಲಿ, ಮಗು. ಜನರ ಮರೆವು ದೊಡ್ಡದು. ಎರಡು ತಿಂಗಳಲ್ಲಿ ಬೇರೊಂದು ಸುದ್ದಿ ಬರುತ್ತದೆ. ಅಲ್ಲಿಯವರೆಗೆ ಕಲಬುರಗಿಯಲ್ಲಿ ನನಗೆ ಪರಿಚಯದವರೊಬ್ಬರ ಮುದ್ರಣಾಲಯವಿದೆ, ಅವರಿಗೆ ಒಂದು ಮಾತು ಹೇಳುತ್ತೇನೆ. ಅಲ್ಲಿ ಯಾವ ಪ್ರಮಾಣಪತ್ರವನ್ನೂ ಕೇಳುವುದಿಲ್ಲ.

ಈ ಪತ್ರವನ್ನು ಅಯ್ಯಮ್ಮನಿಗೆ ಓದಿ ತೋರಿಸಿದೆ. ನನ್ನ ಹೆಂಡತಿ ಶಾಲೆಯ ಮುಖ ಕಂಡವಳಲ್ಲ. "ಅಂವ ಕೇಳಿದ್ದು ಒಂದ್ ಹಾಳಿ. ನೀವು ಊರ ಬಿಟ್ಟ ಹೋಗು ಅಂತ ಎರಡ್ ಹಾಳಿ ಬರದೀರಿ" ಎಂದು ಎದ್ದುಹೋದಳು. ಅವಳ ಮಾತನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಅಷ್ಟು ಪ್ರಾಮಾಣಿಕತೆಯಾದರೂ ನನ್ನಲ್ಲಿ ಉಳಿದಿರಲಿ.

ಹಣಮಂತ್ರಾಯ


ಯಾದಗಿರಿ
16 ಜುಲೈ 2025

ಹಣಮಂತ್ರಾಯ ಸರ್ ಅವರಿಗೆ ಭಾರತಿಯ ನಮಸ್ಕಾರಗಳು.

ನಿಮ್ಮ ಪತ್ರ ಆಫೀಸಿಗೆ ಬಂತು. ಮೇ ತಿಂಗಳ ವರದಿಯಿಂದ ನಿಮ್ಮ ಹೇಳಿಕೆಯ ಭಾಗವನ್ನು ತೆಗೆಸಲು ಸಾಧ್ಯವೇ ಎಂದು ಕೇಳಿದ್ದೀರಿ. ಎರಡು ಸಲ ಓದಿದೆ, ಸರ್. ಮುಷರಫನ ಬಗ್ಗೆ ನಾವು ತೋರಿಸಿದ್ದನ್ನು ಸರಿಪಡಿಸಿರೆಂದು ಅದರಲ್ಲಿ ಎಲ್ಲಾದರೂ ಇದೆಯೇನೋ ಎಂದು ಹುಡುಕಿದೆ. ಇರಲಿಲ್ಲ.

ನನಗೆ ಸಿಟ್ಟು ಮಾಡುವ ಹಕ್ಕಿಲ್ಲ. ಆ ಮೆಟ್ಟಿಲಲ್ಲಿ ಮುಷರಫನ ಪಕ್ಕದಲ್ಲಿ ಕೂರುತ್ತಿದ್ದವಳು ನಾನು. ಅವನು ಡಬ್ಬಿ ಎಣಿಸಿದರೆ ನಾನು ಗಡಿಯಾರ ನೋಡುತ್ತಿದ್ದೆ. ಐವತ್ತೆಂಟೋ ಐವತ್ತೊಂಬತ್ತೋ ಎಂದು ಜಗಳವಾಡಿದ್ದು ಇನ್ನೂ ನೆನಪಿದೆ. ಅದೇ ನಾನು ಪೊಲೀಸರು ಕೊಟ್ಟ ಅವನ ವಹಿಯ ಚಿತ್ರಗಳನ್ನು ಕ್ಯಾಮೆರಾಗೆ ಹಿಡಿದು, 'ರೈಲುಗಳ ಚಲನವಲನದ ಸಂಪೂರ್ಣ ದಾಖಲೆ' ಎಂದು ಓದಿದೆ. ಬೆಂಗಳೂರಿನ ಡೆಸ್ಕಿಗೆ, ಇದು ಶಾಲೆಯ ಲೆಕ್ಕ ಅನಿಸುತ್ತದೆ ಎಂದು ಹೇಳಿದೆ. "ಅನಿಸುತ್ತದೆ ಬೇಡ, ಯಾರಾದರೂ ಹೇಳಲಿ, ಹಾಕೋಣ" ಎಂದರು. ಹಾಗಾಗಿಯೇ ನಿಮ್ಮ ಮನೆಗೆ ಬಂದೆ. 'ಸರ್, ಈ ವಹಿಯ ಚಿತ್ರ ನೋಡಿದರೆ ಏನಾದರೂ ನೆನಪಾಗುತ್ತದೆಯೇ' ಎಂದು ಕೇಳಿದೆ. ಅದು ಪತ್ರಕರ್ತೆಯ ಪ್ರಶ್ನೆಯಾಗಿರಲಿಲ್ಲ. ಶಿಷ್ಯೆ ಕೇಳುತ್ತಿದ್ದಳು. ನೀವು ನನ್ನ ಮುಖ ನೋಡಿದಿರಿ. ನಾನೂ ನಿಮ್ಮ ಮುಖ ನೋಡಿದೆ. ಇಬ್ಬರಿಗೂ ಗೊತ್ತಿತ್ತು. ನೀವು ನೆನಪಿಲ್ಲ ಎಂದಿರಿ. ನಾನು ಮೈಕು ಕೆಳಗಿಳಿಸಿದೆ. ನಾನೇ ಕ್ಯಾಮೆರಾದ ಕಡೆ ತಿರುಗಿ ಹೇಳಬಹುದಿತ್ತು. ನನಗಿನ್ನೂ ಕೆಲಸ ಖಾಯಂ ಆಗಿರಲಿಲ್ಲ. ಜೂನಿನಲ್ಲಿ ಆಯಿತು.

ಇನ್ನೊಂದು ಮಾತು. ಹೋದ ವಾರ ಶಹಾಪುರದಲ್ಲಿ ಹಣಮೇಶ ಏರ್ಪಡಿಸಿದ್ದ 'ಎಚ್ಚರ ನಾಗರಿಕ' ಸಭೆಯ ವರದಿಗೆ ನಾನೇ ಬಂದಿದ್ದೆ. ಮೇಲ್ಸೇತುವೆಯ ಮೇಲೆ ಮುಷರಫ ಕೂತಿರುವ ಚಿತ್ರವನ್ನು ಬ್ಯಾನರಿನಲ್ಲಿ ಹಾಕಿದ್ದರು, ಮುಖವನ್ನಷ್ಟೇ ಮಸುಕು ಮಾಡಿ. ಅಧ್ಯಕ್ಷರ ಕುರ್ಚಿಯಲ್ಲಿ ನೀವಿದ್ದಿರಿ. ನೀವು ಒಂದು ಮಾತೂ ಆಡಲಿಲ್ಲ, ಅದು ನಿಜ. ಜ್ಯೋತಿ ಬೆಳಗಿಸಿ ಕೂತಿರಿ. ಆ ಭಾಗವನ್ನು ನಾನು ಕತ್ತರಿಸಿ ಕಳಿಸಿದೆ. ನಾನು ನಿಮಗಾಗಿ ಮಾಡಬಹುದಾದದ್ದು ಅಷ್ಟೇ, ಸರ್. ಮೇ ತಿಂಗಳದ್ದು ಹೋಗುವುದಿಲ್ಲ.

ಇನ್‌ಸ್ಪೆಕ್ಟರ್ ಕೇಳಿರುವುದನ್ನು ನೀವು ಠಾಣೆಯಲ್ಲಿ ಬರೆದುಕೊಟ್ಟರೆ ನಾನು ಅದನ್ನು ಸುದ್ದಿ ಮಾಡುತ್ತೇನೆ. ಡೆಸ್ಕಿನವರು ಒಪ್ಪದಿದ್ದರೆ ನನ್ನ ಹೆಸರಿನಲ್ಲೇ ಬೇರೆಡೆ ಬರೆಯುತ್ತೇನೆ. ಇದನ್ನು ಕಾಗದದ ಮೇಲೆ ಬರೆಯುತ್ತಿದ್ದೇನೆ, ಆಮೇಲೆ ನನಗೆ ನೆನಪಿಲ್ಲವೆನ್ನಲು ಬಾರದಂತೆ.

ಭಾರತಿ


ಶಹಾಪುರ
12 ಆಗಸ್ಟ್ 2025

ಮುಷರಫ,

ನಿನ್ನೆ ಯಾದಗಿರಿಗೆ ಹೋಗಿ ಬರೆದುಕೊಟ್ಟು ಬಂದೆ.

ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಜುಲೈ ತಿಂಗಳಲ್ಲಿ ಹಣಮೇಶನ ಸಭೆಯೊಂದರಲ್ಲಿ ನಾನು ಅಧ್ಯಕ್ಷತೆ ವಹಿಸಿದ್ದೆ. ನನ್ನ ಬೆನ್ನ ಹಿಂದೆ ನಿನ್ನ ಚಿತ್ರವಿತ್ತು. ಅದು ಅಲ್ಲಿರುತ್ತದೆಂದು ನನಗೆ ತಿಳಿದಿರಲಿಲ್ಲ, ಆದರೆ ತಿಳಿದ ಮೇಲೂ ಏಳಲಿಲ್ಲ. ಹಾರ ಹಾಕಿಸಿಕೊಂಡೆ. ಮೂವತ್ತನಾಲ್ಕು ವರ್ಷ ಮಕ್ಕಳ ಮುಂದೆ ನಿಂತವನಿಗೆ ವೇದಿಕೆಯಿಂದ ಎದ್ದು ಇಳಿಯುವುದು ಅಷ್ಟು ಕಷ್ಟವೆಂದು ಆ ದಿನದವರೆಗೆ ಗೊತ್ತಿರಲಿಲ್ಲ. ಭಾರತಿ ಇದನ್ನು ನನಗೆ ಬರೆದು ನೆನಪಿಸಿದಳು. ನಾನಾಗಿ ನಿನಗೆ ತಿಳಿಸುತ್ತಿರಲಿಲ್ಲವೇನೋ.

ಠಾಣೆಯ ಮುಂದೆ ಎರಡು ಸಲ ಹಾದುಹೋದೆ. ಮೂರನೆಯ ಸಲ ಒಳಗೆ ಹೋದೆ. ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು, ಕುರ್ಚಿ ಕೊಟ್ಟರು. ವಹಿಯನ್ನು ಕಪಾಟಿನಿಂದ ತರಿಸಿದರು.

"ಇದು ಪುಸ್ತಕದಾಗ ಅದೇನ್ರಿ ಸರ್?"

"ಪುಸ್ತಕದಾಗ ಇಲ್ರಿ. ನಾನ ಕಟ್ಟಿದ ಪಾಠ."

"ಗಾಡೀನ ಯಾಕ್ರಿ? ಹುಣಸಿಬೀಜ ಎಣಿಸಿದ್ರ ಬರೂದಿಲ್ಲೇನು ಸರಾಸರಿ?"

"ಬರ್ತದ್ರಿ. ಆದ್ರ ಹುಡುಗರು ಹುಣಸಿಬೀಜಕ್ಕ ಶನಿವಾರ ಮಧ್ಯಾಹ್ನ ಓಡಿ ಬರೂದಿಲ್ಲ."

ಅವರು ನಕ್ಕರು. ಪುಟ ತಿರುವಿ, ಪ್ರತಿ ಪುಟದ ತಲೆಯ ಮೇಲೆ ನೀನು ಬರೆದಿದ್ದ ಒಬ್ಬೊಬ್ಬ ಮಗುವಿನ ಹೆಸರನ್ನು ನನಗೆ ತೋರಿಸಿದರು. ಯಾವ ಮಗು ಭಾಗಾಕಾರದಲ್ಲಿ ಎಡವುತ್ತದೆಯೋ ಆ ಮಗುವಿಗೆ ಕಡಿಮೆ ಡಬ್ಬಿಗಳ ಚಿಕ್ಕ ಗಾಡಿಗಳನ್ನು ಕೊಟ್ಟಿದ್ದೀ. ಅದು ನಾನು ನಿನಗೆ ಕಲಿಸಿದ್ದಲ್ಲ. ಆ ಕ್ರಮ ನಿನ್ನದೇ. ನಾನು ಎಲ್ಲರಿಗೂ ಒಂದೇ ಗಾಡಿಯನ್ನು ಕೊಡುತ್ತಿದ್ದೆ.

ಹೇಳಿಕೆಗೆ ಸಹಿ ಹಾಕಿದ ಮೇಲೆ ಇನ್‌ಸ್ಪೆಕ್ಟರ್ ಹೇಳಿದ ಮಾತನ್ನು ನೀನು ತಿಳಿಯಬೇಕು. "ಇದನ್ನ ಮೇ ತಿಂಗಳದಾಗ ಬಂದು ಹೇಳಿದ್ರ ಒಂದ್ ತಾಸಿನ್ಯಾಗ ಮುಗೀತಿತ್ತಲ್ರಿ ಸರ್. ನಾಕ್ ದಿನ ಕೇಳೀವಿ ಅವಗ, ಕಲಿಸಿದವರು ಯಾರಪಾ ಅಂತ. ಶಾಲ್ಯಾಗ ಕಲಿಸಿದ್ರು ಅಂತಾನ, ಹೆಸರ ಮಾತ್ರ ಬಾಯಿ ಬಿಡ್ಲಿಲ್ಲ. ಹೆಸರ ಮುಚ್ಚಿಡ್ತಾನಂದ್ರ ನಮಗೂ ಸಂಶೆ ಬರ್ತದಲ್ರಿ."

ಅಲ್ಲಿಯವರೆಗೆ ನಾನು ತಿಳಿದಿದ್ದೇ ಬೇರೆ. ನೀನು ಹೆಸರು ಹೇಳಿರುತ್ತೀಯೆಂದೂ ಅವರು ನಂಬಲಿಲ್ಲವೆಂದೂ ಅಂದುಕೊಂಡಿದ್ದೆ. ನನ್ನನ್ನು ಉಳಿಸಲು ನೀನು ನಾಲ್ಕು ದಿನ ಬಾಯಿ ಬಿಗಿಹಿಡಿದೆ. ಅದೇ ದಿನಗಳಲ್ಲಿ ನಾನು ನನ್ನ ಅಂಗಳದಲ್ಲಿ, ಯಾರೂ ಹೆದರಿಸದೆ, ಬಿಸಿಲಿನಲ್ಲಿ ನಿಂತು, ನಿನ್ನನ್ನು ಅರಿಯೆನೆಂದೆ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆಯೇ ಮುಖ ಮಾಡಿ ಕೂತೆ.

ಪ್ರಮಾಣಪತ್ರವನ್ನು ಹದಿನೈದು ದಿನದಲ್ಲಿ ಕಳಿಸುತ್ತಾರಂತೆ.

ಹಣಮಂತ್ರಾಯ


ಸುರಪುರ
30 ಆಗಸ್ಟ್ 2025

ಗುರುಗಳಿಗೆ ಸಲಾಮುಗಳು.

ಪ್ರಮಾಣಪತ್ರ ಬಂತು. ಅಮ್ಮಿ ಅದನ್ನು ಪ್ಲಾಸ್ಟಿಕ್ ಹಾಕಿಸಿ ತಂದಿದ್ದಾಳೆ. ಭಾರತಿಯ ವರದಿಯೂ ಕಲಬುರಗಿಯ ಒಂದು ಪತ್ರಿಕೆಯಲ್ಲಿ, ಒಳಪುಟದಲ್ಲಿ ಬಂದಿದೆ. ಅವಳ ಚಾನೆಲ್ ಹಾಕಲಿಲ್ಲವಂತೆ. ಕಾರ್ಖಾನೆಯಲ್ಲಿ ನನ್ನ ಜಾಗಕ್ಕೆ ಜುಲೈನಲ್ಲೇ ಬೇರೆಯವರನ್ನು ತೆಗೆದುಕೊಂಡಿದ್ದಾರೆ. ಇಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕ ಬರೆಯುವ ಕೆಲಸ ಸಿಕ್ಕಿದೆ. ನಿಮ್ಮ ಕಾಗದವಿಲ್ಲದಿದ್ದರೆ ಅದೂ ಸಿಗುತ್ತಿರಲಿಲ್ಲ. ಅದಕ್ಕೆ ನಾನು ಕೃತಜ್ಞ.

ಓಣಿಯ ನಾಲ್ಕು ಮಕ್ಕಳು ಸಂಜೆ ಓದಲು ಬರುತ್ತಾರೆ. ಅವರಿಗೆ ಪುಸ್ತಕದಲ್ಲಿರುವ ಲೆಕ್ಕಗಳನ್ನೇ ಮಾಡಿಸುತ್ತೇನೆ, ಕೋಣೆಯೊಳಗೆ, ಬಾಗಿಲು ತೆರೆದಿಟ್ಟು.

ಒಂದು ವಿಷಯವನ್ನು ಸರಿಪಡಿಸಬೇಕು. ನಿಮ್ಮನ್ನು ಉಳಿಸಲು ನಾನು ಹೆಸರು ಹೇಳಲಿಲ್ಲವೆಂದು ಬರೆದಿದ್ದೀರಿ. ಹಾಗೆಯೇ ನಂಬಿಕೊಂಡಿರಲೆಂದು ಎರಡು ವಾರ ಸುಮ್ಮನಿದ್ದೆ. ಅದು ಸರಿಯಲ್ಲವೆನಿಸಿತು.

ಮೊನ್ನೆ ಅಮ್ಮಿ ರೊಟ್ಟಿ ಬಡಿಯುತ್ತಾ ಹೇಳಿದಳು: "ನಿನಗ ಹೇಳಿರಲಿಲ್ಲ. ಟಿವ್ಯಾಗ ಬಂದ ದಿನ ನಿನ್ನ ಪೆಟ್ಟಿಗಿ ತಗದು ನೋಡಿದ್ನೆಪ್ಪ. ಅರಿವಿ ಎಲ್ಲ ಝಾಡಿಸಿ ನೋಡಿದೆ. ಏನ್ ಹುಡುಕಿದ್ನೋ ನನಗ ಗೊತ್ತಿಲ್ಲ." ನಾನು, "ಏನ್ ಸಿಕ್ತು?" ಎಂದೆ. "ನಿಮ್ಮಪ್ಪನ ಅಳತಿ ಟೇಪ" ಎಂದಳು. ನನ್ನ ಅಪ್ಪ ರಾಜಾಸಾಬರು ದರ್ಜಿಯಾಗಿದ್ದದ್ದು ನಿಮಗೆ ಗೊತ್ತಲ್ಲ. ಇಬ್ಬರೂ ನಕ್ಕೆವು. ಆಮೇಲೆ ಅವಳು ಒಲೆಯ ಕಡೆ ತಿರುಗಿ ಮುಂದಿನ ರೊಟ್ಟಿ ಬಡಿದಳು.

ಸರ್, ಹೆತ್ತವಳೇ ಪೆಟ್ಟಿಗೆ ತೆರೆದು ನೋಡಿದ ವಾರ ಅದು. ನಾನು ನಿಮ್ಮ ಹೆಸರು ಹೇಳಿದ್ದರೆ ಅವರು ನಿಮ್ಮನ್ನು ಕರೆಸಿ ನನ್ನೆದುರಿಗೇ ಕೂರಿಸಿ ಕೇಳುತ್ತಿದ್ದರು. ನೀವು ಇಲ್ಲ ಎಂದುಬಿಟ್ಟರೆ ಆಮೇಲೆ ನನಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ಹೆಸರನ್ನು ಹೇಳದೆ ಇದ್ದಷ್ಟು ದಿನ, ಹೌದು ಎನ್ನುವವರು ಒಬ್ಬರಾದರೂ ಹೊರಗಿದ್ದಾರೆ ಎಂದು ಅಂದುಕೊಂಡಿರಬಹುದಿತ್ತು. ಅದಕ್ಕಾಗಿ ಹೇಳಲಿಲ್ಲ. ಟಿವಿ ನೋಡಿದ್ದು ಆಮೇಲೆ.

ನಿಮ್ಮ ವಿದ್ಯಾರ್ಥಿ,
ಮುಷರಫ


ಶಹಾಪುರ
5 ಸೆಪ್ಟೆಂಬರ್ 2025

ಪ್ರೀತಿಯ ಮುಷರಫ,

ನಿನ್ನ ಪತ್ರವನ್ನು ಓದಿ ಮುಗಿಸಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಒಂದು ಪ್ರತಿವಾದ. ಕ್ಯಾಮೆರಾ ಬೇರೆ, ಓಣಿಯ ಜನ ಬೇರೆ. ನಿನ್ನನ್ನು ಎದುರಿಗೆ ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ದರೆ ನಾನು ಹೌದು ಎನ್ನುತ್ತಿದ್ದೆ ಎಂದು ಬರೆಯಲು ಕೂತೆ. ಒಂದು ಪುಟ ಬರೆದೆ. ಅಯ್ಯಮ್ಮನಿಗೆ ಓದಿ ತೋರಿಸಲು ಹೊರಟವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಓದದೆ ಮರಳಿ ಬಂದು, ಹರಿದುಹಾಕಿದೆ.

ನಿನ್ನ ಅಂದಾಜು ಸರಿಯಾಗಿತ್ತು. ಆ ವಾರ ಕರೆಸಿ ಕೇಳಿದ್ದರೆ ನಾನು ಇಲ್ಲವೆಂದೇ ಹೇಳುತ್ತಿದ್ದೆ. ನಿನ್ನೆದುರಿಗೇ ಹೇಳುತ್ತಿದ್ದೆ.

14ನೇ ತಾರೀಖಿನ ಭಾನುವಾರ ಬೆಳಗಿನ ಬಸ್ಸಿಗೆ ಸುರಪುರಕ್ಕೆ ಬರುತ್ತೇನೆ. ಕ್ಷಮೆ ಕೇಳಲು ಅಲ್ಲ. ಅದನ್ನು ಕೊಡುವ ಭಾರವನ್ನು ನಿನ್ನ ಮೇಲೆ ಹಾಕುವುದಿಲ್ಲ. ಆ ನಾಲ್ಕು ಮಕ್ಕಳ ಮನೆಗಳಿಗೆ ಒಬ್ಬನೇ ಹೋಗುತ್ತೇನೆ. ಅವರ ತಂದೆತಾಯಿಗಳೆದುರು ನನ್ನ ಹೆಸರು ಹೇಳಿ, ನಿನ್ನ ವಿಷಯದಲ್ಲಿ ಟಿವಿಯಲ್ಲಿ ಸುಳ್ಳಾಡಿದ ಮಾಸ್ತರ ನಾನೇ ಎಂದು ಹೇಳುತ್ತೇನೆ. ಆಮೇಲೆ, ಮಕ್ಕಳನ್ನು ಹೊರಗೆ ಕರೆದೊಯ್ದು ಕಲಿಸಲು ಮುಷರಫನಿಗೆ ಒಪ್ಪಿಗೆ ಕೊಡಿ ಎಂದು ಕೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಮುಂದಿನ ಭಾನುವಾರವೂ ಹೋಗುತ್ತೇನೆ. ನನಗೆ ಈಗ ಭಾನುವಾರಗಳು ಬಹಳ ಇವೆ.

ನೀನು ಮನೆಯಲ್ಲಿ ಇರಬೇಕೆಂದಿಲ್ಲ.

ಹಣಮಂತ್ರಾಯ